ಹತ್ತು ಹೇಂಟೆಗಳ ಬಂಡವಾಳ

ತೇರದಾಳದ ಸುತ್ತಣ ತೋಟದ ವಸ್ತಿಗಳಲ್ಲಿ ಸಂಪೂರ್ಣವಾಗಿ ಗೃಹಿಣಿಯ ಸ್ವಾಧೀನದಲ್ಲಿದ್ದು, ಗಂಡಸರ ಜಮಾಖರ್ಚಿನ ಪುಸ್ತಕದಲ್ಲಿ ಎಂದೂ ಕಾಣಿಸಿಕೊಳ್ಳದ ಸಂಪತ್ತೊಂದಿದ್ದರೆ ಅದು ಜವಾರಿ ಕೋಳಿ. ಕಬ್ಬಿನ ಬಿಲ್ಲು ಕಾರ್ಖಾನೆಯವರ ಕೃಪೆಯನ್ನೂ ಅರಿಶಿನದ ದುಡ್ಡು ಸಾಂಗಲಿ ಪೇಟೆಯ ಏರಿಳಿತವನ್ನೂ ಕಾದು ಬರತಕ್ಕವುಗಳಾದುದರಿಂದ, ನಡುವಣ ತಿಂಗಳುಗಳ ಉಪ್ಪು, ಸಾಬೂನು, ಮಕ್ಕಳ ಪಾಟಿಪುಸ್ತಕಗಳ ಭಾರವನ್ನು ಹಿತ್ತಲಿನ ತತ್ತಿಗಳೇ ಹೊರುತ್ತವೆ. “ಕಬ್ಬಿನ ರೊಕ್ಕ ನಿಮ್ಮಪ್ಪಂದು, ತತ್ತಿ ರೊಕ್ಕ ನಂದು, ಅದರ ಲೆಕ್ಕ ಕೇಳಬ್ಯಾಡ ತಮ್ಮಾ” ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಕೇಳದಿದ್ದರೂ ನಾನು ಮನಸ್ಸಿನಲ್ಲಿಯೇ ಆ ಲೆಕ್ಕವನ್ನು ಮಾಡುತ್ತ ಬಂದಿದ್ದೇನೆ. ಇಂದಿನ ಅಂಕಣ ಅದರ ಫಲ.

ಜವಾರಿ ಹೇಂಟೆಯೊಂದು ವರ್ಷಕ್ಕೆ ಸುಮಾರು 60 ತತ್ತಿ ಇಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಗಿರಿರಾಜ ತಳಿ ಇದಕ್ಕಿಂತ ಬಹಳ ಹೆಚ್ಚು ಇಡುವುದಾದರೂ, ಕಾವಿಗೆ ಕೂಡುವ ವಿಷಯದಲ್ಲಿ ಜವಾರಿಗೆ ಸಾಟಿಯಿಲ್ಲ. ಅಲ್ಲದೆ ಮೈಭಾರದಿಂದ ಮರವೇರಲಾರದ ಗಿರಿರಾಜ ರಾತ್ರಿಯ ವೈರಿಗೆ ಸುಲಭವಾಗಿ ತುತ್ತಾಗುತ್ತದೆ. ಲೆಕ್ಕದ ಸೌಕರ್ಯಕ್ಕಾಗಿ ತತ್ತಿಗೆ 12 ರೂಪಾಯಿ, ಹೇಂಟೆಗೆ 500 ರೂಪಾಯಿ ಎಂದಿಟ್ಟುಕೊಳ್ಳೋಣ. ಹತ್ತು ಹೇಂಟೆಗಳೆಂದರೆ 5,000 ರೂಪಾಯಿಯ ಮೂಲಧನ, ವರ್ಷಕ್ಕೆ 7,200 ರೂಪಾಯಿಯ ತತ್ತಿ. ಕಸ, ಕಾಳು, ಹುಳುಗಳನ್ನು ತಾವೇ ಕೆದರಿ ತಿನ್ನುವ ಇವುಗಳ ಖರ್ಚು ಅತ್ಯಲ್ಪ. ಇಂಥ ಬಡ್ಡಿಯನ್ನು ಕೊಡುವ ಠೇವಣಿ ಯಾವ ಸಹಕಾರಿ ಸಂಘದಲ್ಲಿಯೂ ಇಲ್ಲ. ಆದರೆ ಒಂದೇ ರಾತ್ರಿಯಲ್ಲಿ ಅಸಲೆಲ್ಲವೂ ಮಾಯವಾಗುವ ಠೇವಣಿಯೂ ಮತ್ತೊಂದಿರಲಾರದು.

ಇಲ್ಲಿಯೇ ಸೂಕ್ಷ್ಮವಾದ ಅಂಶವೊಂದಿದೆ. ಬೇವಿನ ಮರದ ಕೊಂಬೆಗಳಲ್ಲಿ ಚದುರಿ ಕುಳಿತ ಕೋಳಿಗಳಲ್ಲಿ ಕಾಡುಬೆಕ್ಕು ಒಂದನ್ನು ಹಿಡಿದರೆ ಉಳಿದವು ಗದ್ದಲವೆಬ್ಬಿಸಿ ಚೆಲ್ಲಾಪಿಲ್ಲಿಯಾಗುತ್ತವೆ. ನಷ್ಟ ಒಂದಕ್ಕೇ ನಿಲ್ಲುತ್ತದೆ. ಆದರೆ ಅವನ್ನೇ ಸಡಿಲವಾದ ಬಾಗಿಲಿನ ಗೂಡಿನಲ್ಲಿ ಕೂಡಿಹಾಕಿದಿರೋ, ಕತ್ತಲಲ್ಲಿ ಕಣ್ಣು ಕಾಣದ, ಓಡಲು ಎಡೆಯಿಲ್ಲದ ಆ ಪ್ರಾಣಿಗಳ ನಡುವೆ ನುಗ್ಗಿದ ಬೆಕ್ಕಾಗಲಿ ನಾಯಿಯಾಗಲಿ ತಿನ್ನಬಲ್ಲಷ್ಟನ್ನೇ ಕೊಂದು ಸುಮ್ಮನಾಗದೆ, ರೆಕ್ಕೆಯ ಬಡಿತ ನಿಲ್ಲುವವರೆಗೂ ಕಚ್ಚುತ್ತಲೇ ಹೋಗುತ್ತದೆ. ಎಲ್ಲ ಹಣವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಬೀಗವನ್ನು ಮಾತ್ರ ಅಗ್ಗದ್ದು ತಂದಂತೆ ಇದು. ಅರೆಬರೆಯಾದ ಗೂಡಿಗಿಂತ ಗೂಡಿಲ್ಲದಿರುವುದೇ ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ. ದಾಳಿಯಲ್ಲಿ ಬದುಕಿ ಉಳಿದವೂ ಬೆದರಿ ಕೆಲಕಾಲ ತತ್ತಿ ಇಡುವುದನ್ನೇ ಬಿಡುತ್ತವೆ. ಈ ನಷ್ಟವನ್ನು ಯಾರೂ ಬರೆದಿಡುವುದಿಲ್ಲ.

ಹಾಗಾದರೆ ಗಟ್ಟಿಯಾದ ಗೂಡಿಗೆ ಎಷ್ಟು ತಗಲೀತು? ತೇರದಾಳದ ಪೇಟೆಯಲ್ಲಿ ಕೋಳಿ ಜಾಳಿಗೆಯೆಂದು ಮಾರುವ ಆರುಮೂಲೆಯ ಕಣ್ಣಿನ ತೆಳುತಂತಿ ಕೋಳಿಯನ್ನು ಒಳಗೆ ಹಿಡಿದಿಡಬಲ್ಲುದೇ ಹೊರತು ನಾಯಿಯನ್ನು ಹೊರಗೆ ತಡೆಯಲಾರದು. ಅರ್ಧ ಅಂಗುಲದ ಕಣ್ಣಿನ, ಬೆಸುಗೆ ಹಾಕಿದ ದಪ್ಪತಂತಿಯ ಜಾಳಿಗೆಯೇ ಬೇಕು. ಹೆಗ್ಗಣವೂ ಕೇರೆಹಾವೂ ನುಸುಳಿ ಮರಿಗಳನ್ನೊಯ್ಯುವುದು ಇದರಿಂದ ತಪ್ಪುತ್ತದೆ. ನರಿಯೂ ನಾಯಿಯೂ ಬುಡ ತೋಡಿ ಬರುವುವಾದುದರಿಂದ ನೆಲಕ್ಕೆ ಪರಸಿ ಹಾಸಬೇಕು, ಇಲ್ಲವೆ ಜಾಳಿಗೆಯನ್ನು ಒಂದಡಿ ಹೊರಮಗ್ಗುಲಿಗೆ ಮಡಚಿ ಹೂಳಬೇಕು. ಮೇಲೆ ಪತ್ರಾ, ಬಾಗಿಲಿಗೆ ಎರಡು ಚಿಲಕ. ಇದಕ್ಕೆಲ್ಲ 4,000 ರೂಪಾಯಿ ಹಿಡಿದು, ಐದು ವರ್ಷ ಬಾಳುವುದೆಂದರೆ ವರ್ಷಕ್ಕೆ 800. ಹೇಂಟೆಯೊಂದಕ್ಕೆ 80, ಅಂದರೆ 60 ತತ್ತಿಗಳಲ್ಲಿ ಏಳು. ವರ್ಷಕ್ಕೆ ಎರಡು ಹೇಂಟೆಗಳನ್ನುಳಿಸಿದರೂ ಗೂಡು ತನ್ನ ಬೆಲೆಯನ್ನು ಹಿಂದಿರುಗಿಸಿದಂತಾಯಿತು.

ಖರ್ಚು ಮಾಡುವ ಮುನ್ನ ಕಳ್ಳನಾರೆಂದು ತಿಳಿದಿರಬೇಕು. ನಮ್ಮ ಕಡೆ ರಾತ್ರಿ ಕೋಳಿ ಹೋದರೂ ಅಪವಾದ ಮುಂಗುಲಿಯ ಮೇಲೆಯೇ ಬರುತ್ತದೆ. ಪಾಪ, ಅದು ಬಹುಮಟ್ಟಿಗೆ ಹಗಲಿನ ಬೇಟೆಗಾರ. ಕಬ್ಬಿನ ಪಡಗಳೊಳಗೆ ಮನೆಮಾಡಿಕೊಂಡಿರುವ ಕಾಡುಬೆಕ್ಕಿನ ಮುಖ್ಯ ಆಹಾರವಾದರೋ ಇಲಿಗಳು. ಕಬ್ಬಿನ ಬುಡ ಕಡಿಯುವ ಇಲಿಗಳನ್ನು ವರ್ಷವಿಡೀ ಸಂಬಳವಿಲ್ಲದೆ ಹಿಡಿಯುವ ಈ ಸೇವಕನಿಗೆ ವಿಷವಿಡುವುದು ಲೆಕ್ಕದ ದೃಷ್ಟಿಯಿಂದಲೂ ಮೂರ್ಖತನ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಮುಧೋಳ ಇಷ್ಟು ಸಮೀಪದಲ್ಲಿರುವಾಗ ನಾಯಿ ಸಾಕಬಾರದೇಕೆಂದು ಕೆಲವರು ಕೇಳಿಯಾರು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ, 2005ರಲ್ಲಿ ಅಂಚೆಚೀಟಿಯ ಮೇಲೆಯೂ ಮೂಡಿದ ಆ ಬೇಟೆನಾಯಿಯ ಬಗ್ಗೆ ನನಗೂ ಅಭಿಮಾನವಿದೆ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಅದನ್ನು ನೋಡಿದವರಿಗೆ ಆ ದೇಹಸೌಷ್ಠವ ಮರೆಯುವಂಥದಲ್ಲ. ಆದರೆ ಓಡುವುದನ್ನು ಕಂಡೊಡನೆ ಬೆನ್ನಟ್ಟುವುದು ಅದರ ಜಾತಿಧರ್ಮ. ಓಡುವುದು ನಿಮ್ಮದೇ ಹುಂಜವೋ ನೆರೆಯ ನರಿಯೋ ಎಂಬ ವಿಚಾರ ಅದಕ್ಕೆ ಬರಬೇಕಾದರೆ ಬಹಳ ತರಬೇತಿ ಬೇಕು. ಅದೂ ಅಲ್ಲದೆ ನಾಯಿಯ ಊಟ ಪ್ರತಿದಿನದ ಖರ್ಚು, ಜಾಳಿಗೆ ಒಂದು ಸಲದ್ದು. ಹತ್ತು ಹೇಂಟೆಗಳಿಗಾಗಿಯೇ ನಾಯಿ ಸಾಕುವುದು ಶುದ್ಧ ನಷ್ಟದ ವ್ಯವಹಾರ.

ಕಬ್ಬಿನ ಕಟಾವು ಆರಂಭವಾದಾಗ ಮರೆ ಕಳೆದುಕೊಂಡ ಪ್ರಾಣಿಗಳು ವಸ್ತಿಗಳತ್ತ ಸರಿಯುವುದನ್ನು ನಾನು ನೋಡುತ್ತ ಬಂದಿದ್ದೇನೆ. ಆದುದರಿಂದ ಬಿಲ್ಲು ಬಂದಮೇಲೆ ನೋಡೋಣವೆನ್ನದೆ, ಕಟಾವಿನ ಗ್ಯಾಂಗು ನಿಮ್ಮ ಹೊಲಕ್ಕಿಳಿಯುವ ಮೊದಲೇ ಗೂಡನ್ನು ಬಂದೋಬಸ್ತು ಮಾಡಿಕೊಳ್ಳಿರಿ. ಕೈಯಲ್ಲಿ ದುಡ್ಡು ಸಾಲದಿದ್ದರೆ ಎರಡು ಹುಂಜಗಳನ್ನು ಸಂತೆಗೆ ಕಳಿಸಿರಿ, ಗೂಡನ್ನು ಚಿಕ್ಕದಾಗಿ ಕಟ್ಟಿರಿ; ಜಾಳಿಗೆಯನ್ನು ಮಾತ್ರ ಅಗ್ಗದ್ದು ತರಬೇಡಿರಿ.