ಮೊದಲು ಕುರ್ಚಿ ಜೋಡಿಸು, ಮಗು

ಇಂಗ್ಲೆಂಡಿಗೆ ಓದಲು ಹೋದ ಮೇಲೆ ನೀನು ಮೂರೇ ಮೂರು ಭಾನುವಾರ ಕ್ವೇಕರರ ಸಭೆಯಲ್ಲಿ, ಆ ಕ್ರೈಸ್ತ ಪಂಥದವರ ಮೌನ ಪ್ರಾರ್ಥನೆಯಲ್ಲಿ, ಕೂತೆ. ನಾಲ್ಕನೆಯ ವಾರ ಫೋನ್ ಮಾಡಿ, "ಅಜ್ಜಿ, ಎಲ್ಲರೂ ನರೆತ ತಲೆಯವರು, ಇಲ್ಲಿ ನನಗೆ ಜಾಗವೇ ಇಲ್ಲ" ಅಂದೆ. ಅಲ್ಲ ಮಗು, ಗಿಡ ನೆಟ್ಟ ಮಾರನೇ ದಿನವೇ ಬೇರು ಬಿಟ್ಟಿದೆಯಾ ಅಂತ ಕಿತ್ತು ನೋಡುವವರು ಉಂಟೆ? ನಿನ್ನಲ್ಲಿ ಕಸುವಿದೆ, ನನಗೆ ಗೊತ್ತು. ತಾಳ್ಮೆ ಮಾತ್ರ ಒಂದು ಹಿಡಿ ಕಡಿಮೆ.

ನಾನೂ ಆ ದೇಶದಲ್ಲಿದ್ದ ವರ್ಷಗಳಲ್ಲಿ ಆ ಮೌನದೊಳಗೆ ಕೂತವಳು. ಪಾದ್ರಿ ಇಲ್ಲ, ಹಾಡಿಲ್ಲ, ಗಂಟೆಯಿಲ್ಲ. ಮೊದಲ ದಿನ ಗಡಿಯಾರದ ಟಿಕ್ ಟಿಕ್ ಬಿಟ್ಟು ಬೇರೇನೂ ಕೇಳಿಸಲಿಲ್ಲ. ತಾಸು ಕಳೆದು ಪಕ್ಕದವರು ಕೈಕುಲುಕಿದಾಗಲೇ ಸಭೆ ಮುಗಿಯಿತು ಅಂತ ತಿಳಿದದ್ದು. ಆ ಮೌನ ನನಗೆ ಒಗ್ಗಲು ಒಂದು ಚಳಿಗಾಲ ಪೂರ್ತಿ ಬೇಕಾಯಿತು.

ನರೆತ ತಲೆಯ ವಿಷಯ ಕೇಳು. ಈ ದಾರಿಯನ್ನು ಮೊದಲು ತುಳಿದವರೇ ನಿನ್ನ ವಯಸ್ಸಿನವರು. 1652ರಲ್ಲಿ ಈ ಪಂಥ ಕಟ್ಟಿದ ಜಾರ್ಜ್ ಫಾಕ್ಸ್ ಉತ್ತರ ಇಂಗ್ಲೆಂಡಿನ ಫರ್ಬ್ಯಾಂಕ್ ಗುಡ್ಡದಲ್ಲಿ ಬಂಡೆಯ ಮೇಲೆ ನಿಂತು ಜನರೊಡನೆ ಮಾತಾಡಿದಾಗ ಅವನಿಗಿನ್ನೂ 28 ತುಂಬಿರಲಿಲ್ಲ. ಅವನ ಹಾದಿ ಹಿಡಿದ ಜೇಮ್ಸ್ ಪಾರ್ನೆಲ್ 1656ರಲ್ಲಿ ಕಾಲ್ಚೆಸ್ಟರ್ ಕೋಟೆಯ ಸೆರೆಯಲ್ಲಿ ಪ್ರಾಣ ಬಿಟ್ಟಾಗ ಇನ್ನೂ ಮೀಸೆ ಚಿಗುರುವ ಹುಡುಗ. 1682ರಲ್ಲಿ ಬ್ರಿಸ್ಟಲ್ ಊರಿನ ಕ್ವೇಕರರಲ್ಲಿ ದೊಡ್ಡವರನ್ನು ಜೈಲಿಗೆ ತುಂಬಿದಾಗ ಸಭೆ ನಿಲ್ಲದಂತೆ ನೋಡಿಕೊಂಡವರು ಮಕ್ಕಳು. ತಮ್ಮ ಜಾಗ ಯಾವುದು ಅಂತ ಅವರು ಯಾರನ್ನೂ ಕೇಳುತ್ತ ನಿಲ್ಲಲಿಲ್ಲ. ಸಭೆ ನಡೆಯಬೇಕಿತ್ತು, ಬಂದು ಕೂತರು.

ಇನ್ನು ನಿನ್ನ ನಾಲಿಗೆಯ ವಿಷಯ. ಸಭೆಯಲ್ಲಿ ಒಳಗಿನಿಂದ ಪ್ರೇರಣೆಯಾದವರು ಯಾರೇ ಆದರೂ ಎದ್ದು ಮಾತಾಡಬಹುದು. ನೀನು ಎರಡನೆಯ ವಾರವೇ ಎದ್ದೆಯಂತೆ, ಹತ್ತು ನಿಮಿಷ ಮಾತು ನಿಲ್ಲಿಸಲಿಲ್ಲವಂತೆ! ಹೆದರಬೇಡ, ನಿನಗಿಂತ ದೊಡ್ಡವರೂ ಇದೇ ಕಲ್ಲಿಗೆ ಎಡವಿದ್ದಾರೆ. ಅಮೆರಿಕದ ನ್ಯೂಜೆರ್ಸಿಯ ಜಾನ್ ವುಲ್ಮನ್ ತರುಣನಾಗಿದ್ದಾಗ ಸಭೆಯಲ್ಲಿ ಎದ್ದು, ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿಬಿಟ್ಟ. ಆಮೇಲೆ ವಾರಗಟ್ಟಲೆ ಸಂಕಟಪಟ್ಟ. ಮತ್ತೆ ಬಾಯಿ ತೆರೆಯುವ ಮೊದಲು ಕಾಯುವುದನ್ನು ಕಲಿತ.

ಇದೇ ವುಲ್ಮನ್ ಗುಮಾಸ್ತನಾಗಿದ್ದಾಗ ಯಜಮಾನ ಒಬ್ಬ ಕಪ್ಪು ಹೆಣ್ಣುಮಗಳ ಕ್ರಯಪತ್ರ ಬರೆಯಲು ಹೇಳಿದ. ಇವನು ಬರೆದ. ಆದರೆ ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಒಪ್ಪದ ಕೆಲಸ ಅಂತ ಯಜಮಾನ, ಕೊಂಡವನು ಇಬ್ಬರ ಎದುರೂ ಹೇಳಿಯೂ ಹೇಳಿದ. ಕೊಂಡವನೂ ಕ್ವೇಕರನೇ, ನೋಡು. ಬರೆದುಕೊಟ್ಟ ಆ ತಪ್ಪು ಅವನನ್ನು ಕೊನೆಯವರೆಗೆ ನಡೆಸಿತು. ಸಿಟ್ಟು ಮಾಡಿಕೊಂಡು ಸಭೆ ಬಿಟ್ಟು ಹೋಗಲಿಲ್ಲ. ಗುಲಾಮರಿದ್ದ ಮನೆಗಳಿಗೇ ನಡೆದು ಹೋದ, ಮೆಲ್ಲಗೆ ಮಾತಾಡಿದ, ಅಲ್ಲಿ ತನಗೆ ಊಳಿಗ ಮಾಡಿದವರಿಗೆ ಕೂಲಿ ಕೊಟ್ಟ. 1772ರಲ್ಲಿ ಇಂಗ್ಲೆಂಡಿನ ಯಾರ್ಕಿನಲ್ಲಿ ಸಿಡುಬಿನಿಂದ ತೀರಿಕೊಂಡ. ಫಿಲಡೆಲ್ಫಿಯಾದ ವಾರ್ಷಿಕ ಸಭೆ ತನ್ನವರು ಯಾರೂ ಗುಲಾಮರನ್ನು ಇಟ್ಟುಕೊಳ್ಳಕೂಡದು ಎಂದು ತೀರ್ಮಾನಿಸಿದ್ದು 1776ರಲ್ಲಿ. ಅವನು ಅದನ್ನು ಕಾಣಲಿಲ್ಲ.

ನಿನ್ನ ಸಭೆಯವರು ಒಂದು ತೀರ್ಮಾನಕ್ಕೆ ಮೂರು ತಿಂಗಳು ತೆಗೆದುಕೊಂಡರಂತೆ ಅಂತ ಗೊಣಗಿದೆಯಲ್ಲ, ಅದಕ್ಕೇ ಈ ಕತೆ ಹೇಳಿದೆ. ಅಲ್ಲಿ ಕೈ ಎತ್ತಿಸಿ ಮತ ಎಣಿಸುವುದಿಲ್ಲ. ಎಲ್ಲರ ಮನಸ್ಸೂ ಒಂದು ಕಡೆ ವಾಲುವವರೆಗೆ ಕಾದು, ಸಭೆ ನಡೆಸುವ ಕ್ಲಾರ್ಕ್ ಅದನ್ನು ಬರೆದು ಓದುತ್ತಾರೆ. ಹಾಗಂತ ಹಿರಿಯರ ನಿಧಾನವೆಲ್ಲ ವಿವೇಕ ಅಂತ ನಾನು ಹೇಳಲಾರೆ. ಎಷ್ಟೋ ಸಲ ಅದು ಬರೀ ಸೋಮಾರಿತನ. ಹಾಗನಿಸಿದಾಗ ಮುಖಕ್ಕೇ ಹೇಳು, ಹೇಳಿಬಿಟ್ಟು ಅಲ್ಲೇ ಕೂತಿರು.

ಜಗತ್ತಿನ ಕ್ವೇಕರರನ್ನೆಲ್ಲ ನೋಡಬೇಕು ಅನ್ನುವ ಆಸೆ ಬಂದಿದೆಯಲ್ಲ, ಒಳ್ಳೆಯದೇ. ಆದರೆ ನಿನ್ನ ಇಂಗ್ಲಿಷ್ ಮೌನವನ್ನು ಅಳತೆಗೋಲು ಮಾಡಿಕೊಂಡು ಹೊರಡಬೇಡ. 1902ರಲ್ಲಿ ಅಮೆರಿಕದ ಮೂವರು ಕೀನ್ಯಾದ ಕೈಮೋಸಿಗೆ ಹೋದರು. ಇವತ್ತು ಬೇರೆ ಯಾವ ದೇಶಕ್ಕಿಂತಲೂ ಹೆಚ್ಚು ಕ್ವೇಕರರು ಇರುವುದು ಅಲ್ಲೇ. ಅವರಿಗೆ ಪಾದ್ರಿ ಇದ್ದಾರೆ, ಹಾಡಿದೆ, ದೊಡ್ಡ ದನಿಯ ಪ್ರಾರ್ಥನೆಯಿದೆ. ಬೊಲಿವಿಯಾದ ಬೆಟ್ಟಗಳಲ್ಲಿ ಐಮಾರಾ ಜನರೂ ಹಾಡಿಯೇ ಪೂಜಿಸುತ್ತಾರೆ. ಇವರೆಲ್ಲ ಒಬ್ಬರನ್ನೊಬ್ಬರು ಮರೆಯದಿರಲಿ ಅಂತ 1937ರಲ್ಲೇ ಒಂದು ಜಾಗತಿಕ ಸಮಿತಿ ಹುಟ್ಟಿತು. 2005ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಲೋಕದ ಯುವ ಕ್ವೇಕರರು ಸೇರಿದಾಗ ಆಫ್ರಿಕಾದ ಹಲವರಿಗೆ ವೀಸಾ ಸಿಗಲಿಲ್ಲ. ಅದೇ ವರ್ಷ ಕೀನ್ಯಾದಲ್ಲಿ ಇನ್ನೊಂದು ಕೂಟ ನಡೆಯಿತು. ವೀಸಾಕ್ಕೆ ಸರದಿಯಲ್ಲಿ ನಿಂತ ನಿನಗೆ ಆ ನೋವನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಎಲ್ಲರೂ ಗೆಳೆಯರು ಅನ್ನುವ ಮನೆಗೂ ಬಾಗಿಲು ಕೆಲವರಿಗಷ್ಟೇ ಸಲೀಸಾಗಿ ತೆರೆಯುತ್ತದೆ. ನಿಮ್ಮ ಸಭೆಯಲ್ಲಿ ಇದನ್ನು ನೆನಪಿಸುವ ಕೆಲಸ ನಿನ್ನದಾಗಲಿ.

ಹೊರಡುವ ಮೊದಲು ಒಂದು ಮಾತು. ಸಭೆಯ ಕೆಲಸಕ್ಕೆಂದು ದೂರ ಹೋಗುವ ಕ್ವೇಕರರು ತಮ್ಮ ಸಭೆಯಿಂದ ಒಂದು ಪತ್ರ ಒಯ್ಯುವ ಹಳೆಯ ಪದ್ಧತಿಯಿದೆ. 'ಇವರು ನಮ್ಮವರು, ನಮಗೆ ಇವರು ಗೊತ್ತು' ಅನ್ನುವುದೇ ಅದರ ಸಾರ. ಮನೆ ಗೆದ್ದು ಮಾರು ಗೆಲ್ಲು ಅಂತ ನಮ್ಮ ಕಡೆ ಹೇಳುವುದು ಇದನ್ನೇ. ಮೂರು ವಾರದ ಪರಿಚಯಕ್ಕೆ ಅಂಥ ಪತ್ರ ಯಾರು ಬರೆದುಕೊಟ್ಟಾರು, ಹೇಳು?

ಈ ಭಾನುವಾರ ಹತ್ತು ನಿಮಿಷ ಮುಂಚೆಯೇ ಹೋಗು. ಕುರ್ಚಿ ಜೋಡಿಸುವ ಮುದುಕರಿಗೆ ನೆರವಾಗು. ಸಭೆ ಮುಗಿದು ಚಹಾ ಕುಡಿದ ಮೇಲೆ ಕಪ್ಪು ತೊಳೆಯಲು ನಿಲ್ಲು, ಪಕ್ಕದಲ್ಲಿ ಒರೆಸುವವರ ಹೆಸರು ಕೇಳಿಕೊಂಡು ಬಾ. ಮುಂದಿನ ಸಲ ಫೋನ್ ಮಾಡಿದಾಗ ಆ ಹೆಸರು ನನಗೆ ಹೇಳು.