ಕರೆದವರ ಮನೆಯ ಊಟಕ್ಕೆ ಹೋಗು, ಮಗನೇ

ಕಾಮಗೆರೆ

 

ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋದ ಮೇಲೆ ನೀನು ಸೊರಗಿದ್ದೀಯ ಎಂದು ನಿನ್ನವ್ವ ಕೊರಗುತ್ತಿದ್ದಾಳೆ. ಬ್ರೆಡ್ಡು, ಬಾಳೆಹಣ್ಣು, ರೂಮಿನಲ್ಲಿ ಬೇಯಿಸಿಕೊಂಡ ಅನ್ನ, ಇಷ್ಟರಲ್ಲೇ ದಿನ ತಳ್ಳುತ್ತಿದ್ದೀಯಂತೆ. ಜೊತೆಯವರು ಊಟಕ್ಕೆ ಕರೆದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತೀಯಂತೆ. ಸೊರಗಿದ್ದಕ್ಕಿಂತ ಈ ಎರಡನೆಯ ಮಾತೇ ನನ್ನ ಮನಸ್ಸಿಗೆ ಹೆಚ್ಚು ತಾಕಿತು. ಅದಕ್ಕೇ ಈ ಕಾಗದ.

ಬೈಯುವುದಕ್ಕೆ ಬರೆಯುತ್ತಿಲ್ಲ. ಚಿಕ್ಕಂದಿನಿಂದಲೂ ಹಾಗಲಕಾಯಿ, ಬದನೆಕಾಯಿ ಕಂಡರೆ ನೀನು ತಟ್ಟೆ ಸರಿಸುತ್ತಿದ್ದೆ. ಅದನ್ನೆಲ್ಲ ಹಟ ಅನ್ನುವುದು ತಪ್ಪು. ಕೆಲವರ ನಾಲಿಗೆಗೆ ಕಹಿ ಬೇರೆಯವರಿಗಿಂತ ಹೆಚ್ಚು ತಿಳಿಯುತ್ತದೆ, ಅದು ಹುಟ್ಟಿನಿಂದ ಬಂದದ್ದು ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಇನ್ನೊಂದನ್ನೂ ಅವರೇ ಹೇಳುತ್ತಾರೆ. ಮಕ್ಕಳು ಬೇಡವೆಂದ ರುಚಿಯನ್ನು ಬಲವಂತ ಮಾಡದೆ, ಚೂರು ಚೂರೇ, ಎಂಟು ಹತ್ತು ಸಲ ಕೊಟ್ಟರೆ ಬಹಳ ಮಕ್ಕಳು ಅದನ್ನು ಒಪ್ಪಿಕೊಳ್ಳುತ್ತಾರೆ. ಒಂದು ತುತ್ತು ತಿಂದು ಸೇರಲಿಲ್ಲ ಎಂದರೆ ಅಲ್ಲಿಗೆ ಮುಗಿಯಲಿಲ್ಲ ಎಂದು ಇದರರ್ಥ.

ನಮ್ಮ ಊಟವೇ ಬೇಕು ಎನ್ನುತ್ತೀಯಲ್ಲ, ಆ ಊಟ ಎಲ್ಲಿಂದ ಬಂತು ಎಂದು ಯೋಚಿಸಿದ್ದೀಯಾ? ನೀನು ಹಂಬಲಿಸುವ ರಾಗಿ ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ಬಂದದ್ದು. ಮುದ್ದೆಗೆ ನಂಚಿಕೊಳ್ಳುವ ಹುಚ್ಚೆಳ್ಳು ಚಟ್ನಿಯ ಹುಚ್ಚೆಳ್ಳು ಇಥಿಯೋಪಿಯದ ಬೆಳೆ. ಉಪ್ಸಾರಿನ ಖಾರಕ್ಕೆ ಅರೆಯುವ ಮೆಣಸಿನಕಾಯಿ, ಸಾರಿನ ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ ಎಲ್ಲವೂ ಅಮೆರಿಕ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮ ಬಂದಿಳಿದಾಗ ನಮ್ಮ ನಾಡಿನ ಒಂದು ಒಲೆಯ ಮೇಲೂ ಮೆಣಸಿನಕಾಯಿ ಇರಲಿಲ್ಲ. ಇವುಗಳ ನಡುವೆ ಸಾರಿಗೆ ಹಾಕುವ ಹುರುಳಿ ಮಾತ್ರ ಇದೇ ನೆಲದ್ದು. ಯಾವುದೋ ಕಾಲದ ನಮ್ಮ ಅಜ್ಜಿಯರು ಕಾಣದ ಕಾಳನ್ನು, ಕಾಣದ ಕಾಯಿಯನ್ನು ಧೈರ್ಯ ಮಾಡಿ ಬಾಯಿಗಿಟ್ಟರು. ಅದರಿಂದಲೇ ನಮ್ಮ ಊಟ ಹುಟ್ಟಿತು.

ದೂರದ ಕಾಲ ಬೇಡ, ನಮ್ಮ ಹನೂರು ಸೀಮೆಯನ್ನೇ ನೋಡು. ಲೊಕ್ಕನಹಳ್ಳಿ ಮೇಲೆ ಹೋದರೆ ಒಡೆಯರಪಾಳ್ಯ. ಅಲ್ಲಿಯ ಟಿಬೆಟನ್ನರ ಕ್ಯಾಂಪು ನಿನಗೆ ಗೊತ್ತೇ ಇದೆ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ದೇಶ ಬಿಟ್ಟು ಬಂದ ಜನ ಅವರು. ಅವರಿಗಾಗಿ ನಮ್ಮ ರಾಜ್ಯ ಮೊದಲು ಬೈಲುಕುಪ್ಪೆಯಲ್ಲಿ ಜಾಗ ಕೊಟ್ಟಿತು. 1970ರ ದಶಕದಲ್ಲಿ ಒಂದಷ್ಟು ಕುಟುಂಬಗಳು ನಮ್ಮ ಒಡೆಯರಪಾಳ್ಯಕ್ಕೂ ಬಂದವು. ಹಿಮದ ನಾಡಿನಲ್ಲಿ ಹುರಿದ ಬಾರ್ಲಿಯ ಹಿಟ್ಟನ್ನು ಉಪ್ಪು, ಬೆಣ್ಣೆ ಹಾಕಿದ ಚಹಾದಲ್ಲಿ ಕಲಸಿ ತಿಂದು ಬೆಳೆದವರು. ಅದನ್ನವರು ತ್ಸಾಂಪಾ ಎನ್ನುತ್ತಾರೆ, ನಮ್ಮ ರಾಗಿ ಹುರಿಹಿಟ್ಟಿನ ಹಾಗೆಯೇ. ಇಲ್ಲಿ ಬಾರ್ಲಿ ಎಲ್ಲಿ ಬರಬೇಕು? ಇಲ್ಲಿಯ ಮಣ್ಣಿಗೆ ಒಗ್ಗುವ ಮುಸುಕಿನ ಜೋಳ ಬಿತ್ತಿದರು, ಕನ್ನಡ ಕಲಿತರು. ಹಾಗೆಂದು ತಮ್ಮ ಮೊಮೊ, ತುಕ್ಪಾ ತಿನಿಸುಗಳನ್ನು ಬಿಡಲಿಲ್ಲ. ಈಗ ನಮ್ಮ ಹುಡುಗರೇ ಅವನ್ನು ತಿನ್ನಲು ಬೈಕ್ ಹತ್ತಿ ಅಲ್ಲಿಗೆ ಹೋಗುತ್ತಾರೆ. ಆ ಜನಕ್ಕೆ ಹಿಂದಿರುಗುವ ದಾರಿ ಇರಲಿಲ್ಲ. ನೀನು ಓದಲು ಹೋದವನು, ನಿನಗೆ ಮನೆಯ ಬಾಗಿಲು ತೆರೆದೇ ಇದೆ. ಹೊಸದನ್ನು ಕಲಿಯಲು ನಿನ್ನದೇನನ್ನೂ ಬಿಡಬೇಕಾಗಿಲ್ಲ ಎಂಬುದನ್ನು ಅವರಿಂದ ತಿಳಿದುಕೋ.

ನಮ್ಮ ಮನೆಯಲ್ಲಿ ಮಾಂಸ, ಮೊಟ್ಟೆ ಇಲ್ಲ. ಅದು ನೇಮ, ಅದನ್ನು ಮುರಿ ಎಂದು ನಾನು ಹೇಳುವುದಿಲ್ಲ. ಆದರೆ ನೇಮ ಬೇರೆ, ರುಚಿ ಬೇರೆ. 1888ರಲ್ಲಿ ಲಂಡನ್ನಿಗೆ ಓದಲು ಹೋದ ಗಾಂಧೀಜಿ ತಾಯಿಗೆ ಕೊಟ್ಟ ಮಾತಿನಂತೆ ಮಾಂಸ ಮುಟ್ಟಲಿಲ್ಲ. ಅಲ್ಲಿಯ ಸಪ್ಪೆ ತರಕಾರಿ ಗಂಟಲಲ್ಲಿ ಇಳಿಯದೆ ಹಸಿದೇ ಇದ್ದರು. ಹುಡುಕಿ ಹುಡುಕಿ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರದ ಊಟದ ಮನೆ ಕಂಡುಕೊಂಡರು. ಮುಂದೆ ಮಸಾಲೆಯ ಆಸೆಯನ್ನೂ ಬಿಟ್ಟಾಗ, ಮೊದಲು ಸಪ್ಪೆ ಎನಿಸಿದ್ದ ಬೇಯಿಸಿದ ಸೊಪ್ಪೇ ರುಚಿಯಾಯಿತು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಕೊಟ್ಟ ಮಾತು ಉಳಿಯಿತು, ನಾಲಿಗೆ ಬದಲಾಯಿತು. ನೀನೂ ಹಾಗೆಯೇ ಮಾಡು.

ಕರೆದವರಿಗೆ ನಿನ್ನ ನೇಮವನ್ನು ಮೊದಲೇ, ಸಂಕೋಚವಿಲ್ಲದೆ ಹೇಳು. ಬಹಳಷ್ಟು ಅಂಟಂಟು ಮಿಠಾಯಿಗಳಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಪಾರ್ಮೆಸಾನ್ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಪೊಟ್ಟಣದ ಮೇಲೆ ಬರೆದದ್ದನ್ನು ಓದಿ ಕೊಳ್ಳು. ನೀನಿರುವ ಕಡೆ ಲಿನ್ಸೆನ್ ಎಂಬ ಕಾಳಿನ ಅಡುಗೆ ಪ್ರಸಿದ್ಧ. ಜೊತೆಗೆ ಕೊಡುವ ಷ್ಪೆಟ್ಸ್ಲೆ ಎಂಬ ಹಿಟ್ಟಿನ ತಿನಿಸಿನಲ್ಲಿ ಮೊಟ್ಟೆ ಇರುತ್ತದೆ, ಕಾಳಿಗೂ ಮಾಂಸ ಸೇರಿಸುವುದುಂಟು. ಮಾಂಸ ಹಾಕದ ಕಾಳನ್ನು ಕೇಳಿ ಪಡೆದು ಬ್ರೆಡ್ಡಿನ ಜೊತೆ ತಿನ್ನು. ಹುಳಿ ಬರಿಸಿದ ಎಲೆಕೋಸು, ಅದೇ ಸೌವರ್ಕ್ರೌಟ್, ಕಂಡು ಮೂಗು ಮುಚ್ಚಬೇಡ. ನಮ್ಮ ಇಡ್ಲಿ ಹಿಟ್ಟನ್ನು ಹುಳಿ ಬರಿಸುವ ಲ್ಯುಕೊನೊಸ್ಟಾಕ್ ಎಂಬ ಸೂಕ್ಷ್ಮಾಣುವೇ ಆ ಕೋಸಿನಲ್ಲೂ ಕೆಲಸ ಮಾಡುತ್ತದೆ. ಹೊಸದನ್ನು ಹಸಿವಾದಾಗ, ಗೊತ್ತಿರುವ ಒಂದು ಪದಾರ್ಥದ ಜೊತೆ, ಸ್ವಲ್ಪವೇ ಬಡಿಸಿಕೋ. ಸೇರದಿದ್ದರೆ ಅಂದಿಗೆ ಬಿಡು, ಇನ್ನೊಂದು ದಿನ ನೋಡು.

ತುಪ್ಪ ಕಳಿಸಿ ಎಂದಿದ್ದೆ. ಹೊರಗಿನಿಂದ ಹಾಲಿನ ಪದಾರ್ಥ ತರಿಸಿಕೊಳ್ಳಲು ಐರೋಪ್ಯ ಒಕ್ಕೂಟ ಬಿಡುವುದಿಲ್ಲ. ಅಲ್ಲೇ ಉಪ್ಪಿಲ್ಲದ ಬೆಣ್ಣೆ ಕೊಂಡು ಸಣ್ಣ ಉರಿಯಲ್ಲಿ ಕಾಯಿಸು. ಹುಚ್ಚೆಳ್ಳು ಚಟ್ನಿಪುಡಿ, ರಾಗಿ ಹುರಿಹಿಟ್ಟು ಮಾಡಿಟ್ಟಿದ್ದೇನೆ, ನಿನ್ನ ಸ್ನೇಹಿತ ಬರುವಾಗ ಕೊಟ್ಟು ಕಳಿಸುತ್ತೇನೆ. ಅವನ್ನು ಒಬ್ಬನೇ ಇಟ್ಟುಕೊಂಡು ತಿನ್ನಬೇಡ. ನಿನ್ನನ್ನು ಕರೆದವರನ್ನು ನೀನೂ ಕರೆದು ಬಡಿಸು. ಅವರಿಗೂ ಮೊದಲ ಸಲ ಸೇರದಿರಬಹುದು, ಬೇಸರ ಮಾಡಿಕೊಳ್ಳಬೇಡ.

ಪರದೇಶದಲ್ಲಿ ಅನ್ನಕ್ಕಿಂತ ಮೊದಲು ಜನ ಬೇಕು, ಮಗನೇ. ಜ್ವರ ಬಂದಾಗ ಬಾಗಿಲು ತಟ್ಟುವವರು, ಪರೀಕ್ಷೆ ಕೆಟ್ಟಾಗ ಜೊತೆಗೆ ಕೂರುವವರು ಒಂದೇ ಮೇಜಿನಲ್ಲಿ ಉಂಡವರೇ ಆಗಿರುತ್ತಾರೆ. ಇನ್ನು ಮೇಲೆ ಯಾರೇ ಊಟಕ್ಕೆ ಕರೆದರೂ ನೆಪ ಹೇಳದೆ ಹೋಗು. ಏನು ತಿಂದೆ ಎಂಬುದಕ್ಕಿಂತ ಯಾರ ಜೊತೆ ಕೂತು ತಿಂದೆ ಎಂಬುದನ್ನು ನನಗೆ ಬರೆ.

ಇಂತಿ ನಿನ್ನ ದೊಡ್ಡಮ್ಮ