ಕುತ್ತಿಗೆ ಹಿಡಿದರೆ ತಿರುವಿಸಿಕೊಳ್ಳಬೇಡಿ

ದೊಡವಾಡ, ಬೈಲಹೊಂಗಲ ಕಡೆಯ ಹುಡುಗರಿಗೆ ಕುಸ್ತಿ, ಕಬಡ್ಡಿ ಹೊಸತಲ್ಲ. ಎದುರಾಳಿ ಕತ್ತಿಗೆ ಕೈಹಾಕಿ ಜಗ್ಗಿದಾಗ, ಕಬಡ್ಡಿಯಲ್ಲಿ ನಾಲ್ಕು ಜನ ಮೈಮೇಲೆ ಬಿದ್ದಾಗ, ಕುತ್ತಿಗೆಯಿಂದ ಹೆಗಲಿನವರೆಗೆ ಹರಡಿದ ಸ್ನಾಯು ಉಳುಕುತ್ತದೆ. ಎಷ್ಟೋ ಸಲ ನೋವು ಗೊತ್ತಾಗುವುದು ಮರುದಿನ ಬೆಳಗ್ಗೆ.

ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಆಗಾಗ 15 ನಿಮಿಷ ಇಡಿ. ಬಿಸಿ ಶಾಖ ಆಮೇಲೆ. ಹಾಗಂತ ಹಾಸಿಗೆ ಹಿಡಿಯಬೇಡಿ, ತಾಳುವಷ್ಟು ಕುತ್ತಿಗೆ ಆಡಿಸುತ್ತಿರಿ. ಯಾರಾದರೂ ಗದ್ದ ಹಿಡಿದು ಲಟಕ್ಕನೆ ತಿರುವಿ 'ನರ ಕೂಡಿಸ್ತೀನಿ' ಅಂದರೆ ಕೈಮುಗಿದು ಎದ್ದು ಬನ್ನಿ. ಒಳಗೆ ಎಲುಬು ಬಿರುಕು ಬಿಟ್ಟಿದ್ದರೆ ಆ ಒಂದು ತಿರುವು ಸಾಕು, ಕೈಕಾಲು ಸ್ವಾಧೀನ ತಪ್ಪಲು.

ತೋಳಿಗೆ ಕರೆಂಟು ಹೊಡೆದಂತಾಗಿ ಜೋಮು ಹಿಡಿದರೆ ಅವತ್ತಿನ ಆಟ ಮುಗಿಯಿತೆಂದೇ ತಿಳಿದು ಡಾಕ್ಟರಿಗೆ ತೋರಿಸಿ. ಬಿದ್ದವನಿಗೆ ಕೈಕಾಲು ಎತ್ತಲಾಗದಿದ್ದರೆ ಎಬ್ಬಿಸಿ ಕೂರಿಸಬೇಡಿ; ತಲೆ ಅಲುಗದಂತೆ ಹಿಡಿದು 108ಕ್ಕೆ ಫೋನ್ ಮಾಡಿ. ನೀರು ಕುಡಿಸುವ ಅವಸರವೂ ಬೇಡ.

ನೋವು ಪೂರ್ತಿ ಹೋದ ಮೇಲೆ ಅಂಗೈಯನ್ನು ಹಣೆಗೆ, ತಲೆಯ ಪಕ್ಕಕ್ಕೆ, ಹಿಂದಲೆಗೆ ಒತ್ತಿ, ತಲೆ ಅಲುಗಿಸದೆ ಎದುರು ಒತ್ತುವ ಸಾಮು ಶುರುಮಾಡಿ. ತಲೆಯೂರಿ ಮೈಯೆತ್ತುವ ಕಸರತ್ತಿಗೆ ಇನ್ನೂ ಕೆಲವು ವಾರ ಕಾಯಿರಿ, ಉಸ್ತಾದರು ಬೈದರೂ ಸರಿ.